ಹಲ್ಲು ನೋವಿಗೆ ಕಣ್ಣಿನ ಚೀಟಿ

ಕೋಲಾರ, ಫೆಬ್ರವರಿ 1982

ನಮ್ಮ ಜಿಲ್ಲೆಯ ಜನರ ಆರೋಗ್ಯವನ್ನು ಕಡತದಲ್ಲಿ ಕಾಪಾಡುತ್ತಿರುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ಹಾಗೂ ಮಾನ್ಯರ ಮೇಜಿನ ಮೇಲೆ ಮಲಗಿರುವ ಕಡತಗಳೇ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಜಗಳ. ಹೋದ ಡಿಸೆಂಬರ್ ತಿಂಗಳ ಕೊನೆಯ ವಾರ, ತಮ್ಮ ಇಲಾಖೆಯ ಸ್ವತ್ತಾದ ಮೂವತ್ತೆರಡು ಹಲ್ಲುಗಳನ್ನು ಕದ್ದವನು ನಾನೇ. ಯಾರ ಪ್ರಚೋದನೆಯೂ ಇಲ್ಲದೆ, ಸ್ವಸ್ಥಚಿತ್ತನಾಗಿ, ಹಾಡುಹಗಲು ಹನ್ನೆರಡೂವರೆ ಗಂಟೆಗೆ ಕದ್ದೆ. ಕುಂಬಳಕಾಯಿಯಷ್ಟು ದಪ್ಪದ ಪ್ಲಾಸ್ಟರ್ ದವಡೆ. ಮೇಲೆ ಹದಿನಾರು, ಕೆಳಗೆ ಹದಿನಾರು, ಬಾಯಿ ತೆರೆದು ಮುಚ್ಚಲು ಹಿತ್ತಾಳೆಯ ಕೀಲು, ಗುಲಾಬಿ ಬಣ್ಣದ ವಸಡು. ನನ್ನ ಬಟ್ಟೆಚೀಲದಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಕೆಳಗೆ ಅದನ್ನಿಟ್ಟು ನಡೆಯುತ್ತಿದ್ದಾಗ ತಮ್ಮ ವ್ಯಾನಿನ ಡ್ರೈವರು, "ಏನ್ ಸಾರ್, ಬ್ಯಾಗು ಇಷ್ಟೊಂದು ಭಾರ?" ಎಂದು ಕೇಳಿದ. "ಹುಡುಗ್ರು ಬರೆದಿರೋ ತಪ್ಪುಗಳು ಕಣಪ್ಪಾ, ಹೊರಕ್ಕಾಗ್ತಿಲ್ಲ" ಎಂದೆ. ಅವನು ಕನಿಕರಪಟ್ಟು ಚೀಲವನ್ನು ಗೇಟಿನವರೆಗೆ ತಾನೇ ಹೊತ್ತು ತಂದ. ಹೀಗಾಗಿ ತಮ್ಮ ಇಲಾಖೆಯ ನೌಕರನೂ ಈ ಅಪರಾಧದಲ್ಲಿ ಸಹಭಾಗಿ. ಆದರೆ ಅವನು ಒಳ್ಳೆಯವನು, ಬಿಟ್ಟುಬಿಡಿ.

ಕಳೆದ ವಾರ ತಮ್ಮ ಕಚೇರಿಯಿಂದ ಶಾಲೆಗೆ ನೋಟೀಸು ಬಂತು. "ಸದರಿ ದವಡೆಯು ಕಾಣೆಯಾಗಿರುತ್ತದೆ" ಎಂದು ಅದರಲ್ಲಿದೆ. ಸದರಿ ದವಡೆ ಕಾಣೆಯಾಗಿಲ್ಲ, ಮಾನ್ಯರೇ. ಕಾಣದವರ ಕೈ ಸೇರಿದೆ, ಅಷ್ಟೇ.

ಈಗ ಜಗಳ. ನಮ್ಮ ಊರಾಚೆ ಅಂಧ ಮಕ್ಕಳ ವಸತಿಶಾಲೆಯೊಂದಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಿಂದ ಬಂದವರು, ನಮ್ಮ ತಾಲ್ಲೂಕಿನವರು, ಎಲ್ಲ ಸೇರಿ ನಲವತ್ತೆರಡು ಜನ. ಆರು ವರ್ಷದ ಕೂಸಿನಿಂದ ಹಿಡಿದು ಹತ್ತೊಂಬತ್ತರ ಯುವಕರವರೆಗೆ ಇದ್ದಾರೆ. ಈ ನಲವತ್ತೆರಡು ಬಾಯಿಗಳಲ್ಲಿ ಮೂವತ್ತೊಂದರಲ್ಲಿ ಹುಳುಕು ಹಲ್ಲುಗಳಿವೆ. ಅನ್ಯರ ಹುಳುಕು ಹುಡುಕುವುದು ನನ್ನ ಸ್ವಭಾವವಲ್ಲ, ಆದರೆ ಇಲ್ಲಿ ಹುಡುಕಬೇಕಾಗಿಯೇ ಇರಲಿಲ್ಲ. ಬಾಯಿ ತೆರೆದರೆ ಸಾಕು, ತಾನಾಗಿ ಕಾಣುತ್ತದೆ. ಹಾಗೆ ಕಾಣಬೇಕಾದರೆ ಯಾರಾದರೂ ಅವರ ಬಾಯಿಯ ಕಡೆ ನೋಡಬೇಕು. ಇಷ್ಟು ವರ್ಷ ಎಲ್ಲರೂ ನೋಡಿದ್ದು ಅವರ ಕಣ್ಣನ್ನು. ತಮ್ಮ ಅಧೀನದ ದೊಡ್ಡಾಸ್ಪತ್ರೆಯಂತೂ ಇದನ್ನೊಂದು ಶಿಸ್ತಾಗಿಯೇ ಪಾಲಿಸುತ್ತಿದೆ: ಕಣ್ಣು ಕಾಣದ ಮಗು ಹಲ್ಲುನೋವೆಂದು ಬಂದರೆ ಅಲ್ಲಿ ಕಣ್ಣಿನ ವಿಭಾಗಕ್ಕೆ ಚೀಟಿ ಬರೆಯುತ್ತಾರೆ.

ನಾನು ಯಾರು ಎಂದು ತಾವು ಕೇಳಬಹುದು. ಹುತ್ತೂರಿನವನು. ಪಟ್ಟಣದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಹೇಳುತ್ತಿದ್ದೇನೆ. ಭಾನುವಾರಗಳಲ್ಲಿ ಈ ಶಾಲೆಗೆ ಹೋಗಿ ಓದಿ ಹೇಳುತ್ತೇನೆ. ಪತ್ರಿಕೆ, ಪಾಠ, ಮಕ್ಕಳಿಗೆ ಮನೆಯಿಂದ ಬಂದ ಕಾಗದ, ಯಾವುದಾದರೂ ಸರಿ. ನನ್ನ ಸ್ವಂತ ಹಲ್ಲಿಗೂ ಈ ಪತ್ರಕ್ಕೂ ಸಂಬಂಧವಿಲ್ಲ ಎಂಬುದನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನನಗೀಗ ಐವತ್ತೊಂದು. ಹೊಂಗೆಕಡ್ಡಿ ಮತ್ತು ಉಪ್ಪು ಬಿಟ್ಟರೆ ಬಾಯಿಗೆ ಬೇರೇನನ್ನೂ ತೋರಿಸಿದವನಲ್ಲ. ಮೂವತ್ತೆರಡಕ್ಕೆ ಮೂವತ್ತೆರಡೂ ಹಾಜರು. ದಂತವೈದ್ಯರ ಹೊಸ್ತಿಲು ತುಳಿದವನಲ್ಲ. ಕಚೇರಿ, ಪೊಲೀಸು, ಪ್ರಿನ್ಸಿಪಾಲರು, ಯಾರ ಬಾಗಿಲಲ್ಲೂ ಕಾಲು ನಡುಗಿದವನಲ್ಲ. ಆದ್ದರಿಂದ ತಮ್ಮ ನೋಟೀಸಿಗೆ ಹೆದರುತ್ತೇನೆಂದು ಯಾರೂ ಭಾವಿಸಬಾರದು.

ಮುನಿಯಲ್ಲಮ್ಮನ ವಿಷಯಕ್ಕೆ ಬರುತ್ತೇನೆ. ಈ ಜಗಳವೆಲ್ಲ ಅವಳಿಗಾಗಿ.

ಸುಗಟೂರಿನ ಹುಡುಗಿ, ಹತ್ತೊಂಬತ್ತು ವರ್ಷ. ನಾಲ್ಕು ವರ್ಷದವಳಿದ್ದಾಗ ಸಿಡುಬು ಬಂದು ಕಣ್ಣು ಹೋಯಿತು. ತಂದೆ ಕದಿರಪ್ಪನವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರು. ಈ ಹುಡುಗಿಗೆ ಒಮ್ಮೆ ಕೇಳಿದ ಧ್ವನಿ ಮರೆಯುವುದಿಲ್ಲ, ಒಮ್ಮೆ ಕೇಳಿದ ನಂಬರೂ ಮರೆಯುವುದಿಲ್ಲ. ಕನ್ನಡ, ತೆಲುಗು ಮನೆಯಲ್ಲಿ ಕಲಿತದ್ದು, ಇಂಗ್ಲಿಷು ಶಾಲೆಯಲ್ಲಿ, ಉರ್ದು, ಶಾಲೆಯ ಎದುರಿನ ಸೈಕಲ್ ಷಾಪಿನಿಂದ ಕಿವಿಗೆ ಬಿದ್ದದ್ದು. ಬೆಂಗಳೂರಿನಲ್ಲಿ ಕಣ್ಣು ಕಾಣದವರಿಗೆ ಟೆಲಿಫೋನ್ ಆಪರೇಟರ್ ಕೆಲಸ ಕಲಿಸುವ ತರಬೇತಿಯೊಂದಿದೆ. ಅದಕ್ಕೆ ಸೇರಲು ಧ್ವನಿಪರೀಕ್ಷೆಯಲ್ಲಿ ಪಾಸಾಗಬೇಕು. ಪಾಸಾದರೆ ಸ್ವಂತ ಕಾಲ ಮೇಲೆ ನಿಲ್ಲುವ ಬದುಕು. ಇಲ್ಲದಿದ್ದರೆ, ಇಪ್ಪತ್ತು ತುಂಬಿದವರಿಗೆ ಶಾಲೆಯಲ್ಲಿ ಜಾಗವಿಲ್ಲ. ಸುಗಟೂರಿಗೆ ವಾಪಸು ಹೋಗಿ ಅಣ್ಣನ ಮನೆಯ ಮೂಲೆಯಲ್ಲಿ ಕೂರಬೇಕು. ಆ ಮೂಲೆಯನ್ನು ಅವಳೇ ಒಮ್ಮೆ ನನಗೆ ವರ್ಣಿಸಿದ್ದಾಳೆ: "ಅಲ್ಲಿ ಕೂತ್ರೆ ಸಾರ್, ಎಲ್ಲಾರೂ ಹುಷಾರಾಗಿ ದಾಟ್ಕೊಂಡು ಹೋಗ್ತಾರೆ. ಮಾತಾಡ್ಸಲ್ಲ."

ಧ್ವನಿಪರೀಕ್ಷೆ ಡಿಸೆಂಬರಿನಲ್ಲಿತ್ತು. ಹಲ್ಲು ಅಕ್ಟೋಬರಿನಲ್ಲಿ ಶುರುಮಾಡಿತು. ಕೆಳದವಡೆ, ಬಲಗಡೆ, ಹಿಂದಿನಿಂದ ಎರಡನೆಯದು.

ಮೊದಲ ಸಲ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಶಾಲೆಯ ಮೇಲ್ವಿಚಾರಕಿ ಆದಿಲಕ್ಷ್ಮಮ್ಮನವರು. ಚೀಟಿ ಬರೆಯುವ ಕಿಟಕಿಯಲ್ಲಿ ಏನು ತೊಂದರೆ ಎಂದು ಯಾರೂ ಕೇಳಲಿಲ್ಲ. ಕಪ್ಪು ಕನ್ನಡಕ ಕಂಡಿತು, ಬಿಳಿಕೋಲು ಕಂಡಿತು, ಲೇಖನಿ ತಾನಾಗಿ ಓಡಿತು.

"ಕಣ್ಣು. ಒಂಬತ್ತನೇ ನಂಬರ್ ರೂಮು."

"ಸಾರ್, ನಂಗೆ ಹಲ್ಲುನೋವು."

"ಆಯ್ತಮ್ಮ, ಅವ್ರಿಗೇ ಹೇಳು."

"ಕಣ್ಣಿನ ಡಾಕ್ಟರಿಗೆ ಹಲ್ಲಿಂದು ಹೇಳ್ಲಾ?"

"ಹಿಂದೆ ಎಷ್ಟು ಜನ ನಿಂತವ್ರೆ ನೋಡಮ್ಮ. ನಡಿ, ನಡಿ."

ಹಿಂದೆ ನಿಂತವರನ್ನು ನೋಡು ಎಂದು ಮುನಿಯಲ್ಲಮ್ಮನಿಗೆ ಹೇಳಿದ ಆ ಮಹಾನುಭಾವನ ದೃಷ್ಟಿಯನ್ನೂ ಒಂಬತ್ತನೇ ರೂಮಿನಲ್ಲಿ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಕಣ್ಣಿನ ಡಾಕ್ಟರು ಸಜ್ಜನರು. ಟಾರ್ಚು ಬಿಟ್ಟು ನೋಡಿದರು. "ಎಷ್ಟು ವರ್ಷದಿಂದ ಕಾಣಲ್ಲ?" ಎಂದು ಕೇಳಿದರು. "ಕಣ್ಣು ಹದಿನೈದು ವರ್ಷದಿಂದ ಸಾರ್, ಹಲ್ಲು ಎಂಟು ದಿವ್ಸದಿಂದ" ಎಂದಳು. ಅವರು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು, "ಇನ್ನು ಏನೂ ಮಾಡಕ್ಕಾಗಲ್ಲಮ್ಮ" ಎಂದು ಬಹಳ ಮರುಕದಿಂದ ಹೇಳಿ, ಕಣ್ಣಿಗೆ ಬಿಟ್ಟುಕೊಳ್ಳಲು ಹನಿಮದ್ದು ಕೊಟ್ಟು ಕಳಿಸಿದರು. ದವಡೆಯಲ್ಲಿ ನೋವು, ಕಣ್ಣಿನಲ್ಲಿ ಔಷಧಿ. ಎರಡರ ಮಧ್ಯೆ ನಾಲ್ಕು ಬೆರಳಿನ ಅಂತರ. ತಮ್ಮ ಇಲಾಖೆಯ ಲೆಕ್ಕದಲ್ಲಿ ಅದು ಗುರಿ ತಪ್ಪಿದ್ದೇ ಅಲ್ಲವೇನೋ.

ಎರಡನೆಯ ಸಲ ಕದಿರಪ್ಪನವರೇ ಬೆಳಗಿನ ಬಸ್ಸಿಗೆ ಸುಗಟೂರಿನಿಂದ ಬಂದರು. ಹಳ್ಳಿಯವರ ಜಾಣತನ ನೋಡಿ: ಮಗಳ ಕಪ್ಪು ಕನ್ನಡಕ ತೆಗೆಸಿ ಜೇಬಿಗೆ ಹಾಕಿಕೊಂಡರು, ಬಿಳಿಕೋಲನ್ನು ಟವಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು, ಊದಿದ ಕೆನ್ನೆಗೆ ಬಿಳಿ ಬಟ್ಟೆ ಕಟ್ಟಿದರು. ಕಣ್ಣನ್ನು ಮರೆಸಿ ಹಲ್ಲನ್ನು ಮೆರೆಸುವ ಉಪಾಯ. ಅದು ಸುಮಾರು ಅರ್ಧ ನಿಮಿಷ ಫಲಿಸಿತು. ಚೀಟಿಯವನು "ಮಂಗನಬಾವಾ?" ಎಂದ. "ಹಲ್ಲು ಸಾಮಿ" ಎಂದರು ಕದಿರಪ್ಪ. ಲೇಖನಿ ಇನ್ನೇನು "ಹಲ್ಲು" ಎಂದು ಬರೆಯಬೇಕು, ಅಷ್ಟರಲ್ಲಿ ಕಂಕುಳಿನಿಂದ ಬಿಳಿಕೋಲು ಜಾರಿ ನೆಲಕ್ಕೆ ಬಿತ್ತು.

"ಕಣ್ಣು ಕಾಣಲ್ವಾ ಹುಡುಗೀಗೆ? ಮೊದ್ಲೇ ಹೇಳ್ಬಾರ್ದೇನ್ರೀ! ಒಂಬತ್ತನೇ ರೂಮು."

"ಸಾಮಿ, ನೋವು ಬಾಯಲ್ಲೈತೆ."

"ಕಣ್ಣು ಕಾಣದೋರಿಗೆ ಚಿಕಿತ್ಸೆ ಪುಕ್ಕಟೆ. ಪುಕ್ಕಟೆ ಅಂತ ಸೀಲು ಹಾಕೋರು ಕಣ್ಣಿನ ಡಾಕ್ಟ್ರು. ಅಲ್ಲಿಂದಾನೇ ಬರ್ಬೇಕು. ರೂಲ್ಸು."

ಇದು, ಮಾನ್ಯರೇ, ಇಡೀ ಪ್ರಕರಣದ ಬೇರು. ರಿಯಾಯಿತಿಯ ಸೀಲು ಒಂಬತ್ತನೇ ರೂಮಿನಲ್ಲಿದೆ. ಆದ್ದರಿಂದ ಕಣ್ಣಿಲ್ಲದವರ ಕಾಲುಬೆರಳು ಒಡೆದರೂ ದಾರಿ ಕಣ್ಣಿನ ಮೂಲಕವೇ. ಅಂದು ಸೀಲು ಹಾಕಿಸಿಕೊಂಡು ಬರುವಷ್ಟರಲ್ಲಿ ಹೊರರೋಗಿಗಳ ವೇಳೆ ಮುಗಿದಿತ್ತು. ವಾಪಸು ಬರುವಾಗ ಕದಿರಪ್ಪ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. "ಏಮ್ಮಾ, ನೊಪ್ಪಿ ತಗ್ಗಿಂದಾ?" ಎಂದು ನೋವು ಇಳಿಯಿತೇ ಎಂದು ಮಗಳನ್ನು ತೆಲುಗಿನಲ್ಲಿ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. "ನಾನು ಹುಳ ಸಾಕೋನೇ ಸಾರ್. ಒಪ್ಕೋತೀನಿ. ಆದ್ರೆ ತಟ್ಟೇಲಿ ಸಾಕಿದೀನಿ, ನನ್ ಮಗಳ ಬಾಯಲ್ಲಿ ಸಾಕಿಲ್ಲ. ನೀವು ಓದಿದೋರು, ನೀವೊಂದ್ಸಲ ಹೋಗಿ ಬನ್ನಿ" ಎಂದರು.

ಮೂರನೆಯ ಸಲ ಓದಿದವನು ಹೋದ. ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಎರಡು ಪೆನ್ನು. ಕಿಟಕಿಯಲ್ಲಿ ಬಗ್ಗಿ ಶುದ್ಧ ಇಂಗ್ಲಿಷಿನಲ್ಲಿ, ವ್ಯಾಕರಣದ ಒಂದು ಕೂದಲೂ ಕೊಂಕದಂತೆ ಪ್ರಕರಣವನ್ನು ವಿವರಿಸಿದೆ. ಚೀಟಿಯವನು ಗೌರವದಿಂದ ಎದ್ದು ನಿಂತ. ಚೀಟಿಯ ಮೇಲೆ ಕೆಂಪು ಮಸಿಯಲ್ಲಿ "ತುರ್ತು" ಎಂದು ಬರೆದು, ಜವಾನನನ್ನು ಕರೆದು, "ಸಾಹೇಬರನ್ನ ಕ್ಯೂ ಇಲ್ದಂಗೆ ಬೇಗ ಕರ್ಕೊಂಡ್ಹೋಗು" ಎಂದ. ಬೇಗನೇ ತಲುಪಿದೆವು. ಒಂಬತ್ತನೇ ರೂಮಿಗೆ. ಮುನಿಯಲ್ಲಮ್ಮ ನೋವಿನಲ್ಲೂ ನಕ್ಕುಬಿಟ್ಟಳು. "ಸಾರ್, ನಿಮ್ ಇಂಗ್ಲಿಷಿಂದ ಅರ್ಧ ಗಂಟೆ ಉಳೀತು" ಎಂದಳು. ಅಲ್ಲಿ ಸೀಲು ಹಾಕಿಸಿಕೊಂಡು ಹಲ್ಲಿನ ಡಾಕ್ಟರ ಕೋಣೆಯ ಕಡೆಗೂ ಹೋದೆವು. ಅಂದೂ ಕೆಲಸವಾಗಲಿಲ್ಲ. ಶಾಲೆಗೆ ಮರಳಿದೆವು.

ಖಾಸಗಿ ವೈದ್ಯರ ಬಳಿ ಹೋಗಬಹುದಿತ್ತಲ್ಲ ಎಂದು ತಾವು ಹೇಳಬಹುದು. ಒಂದು ಬಾಯಿಯನ್ನು ಹೇಗೋ ಬೆಂಗಳೂರಿಗೆ ಸಾಗಿಸಬಹುದು. ಉಳಿದ ಮೂವತ್ತನ್ನು? ಯಾರ ನೋವಿಗೆ ಬಸ್ಸು, ಯಾರ ನೋವಿಗೆ ಲವಂಗ ಎಂದು ಆದಿಲಕ್ಷ್ಮಮ್ಮನವರು ಚೀಟಿ ಎತ್ತಬೇಕಿತ್ತೇ? ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರು ನಮ್ಮ ಮಕ್ಕಳಿಗೆ ದಂತಕಥೆಯಾಗಿಯೇ ಉಳಿಯಬೇಕೇ?

ಡಿಸೆಂಬರಿನ ಮೊದಲ ವಾರ ಮುನಿಯಲ್ಲಮ್ಮ ಧ್ವನಿಪರೀಕ್ಷೆಗೆ ಹೋದಾಗ ಕೆನ್ನೆ ಬೋಂಡದ ಹಾಗಿತ್ತು. ತಲೆಗೆ ಸಿಕ್ಕಿಸಿಕೊಳ್ಳುವ ಉಪಕರಣ ಆ ಕಡೆಯ ದವಡೆಗೆ ಒತ್ತುತ್ತಿತ್ತು. "ನಮಸ್ಕಾರ, ತಮಗೆ ಯಾವ ನಂಬರು ಬೇಕು?" ಎಂದು ಮೂರು ಭಾಷೆಯಲ್ಲಿ ಹೇಳಬೇಕು. ಆದಿಲಕ್ಷ್ಮಮ್ಮನವರು ಬಾಗಿಲಾಚೆ ನಿಂತು ಕೇಳಿದರಂತೆ. "ಬಾಯಿ ತುಂಬ ಅನ್ನ ಇಟ್ಕೊಂಡು ಮಾತಾಡ್ದಂಗೆ ಬಂತು ಸಾರ್. ಆ ಮಗು ಗಂಟಲು! ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಗಂಟೆ ಬಾರಿಸಿದಂಗಿರೋ ಗಂಟಲು!" ಎಂದು ಅತ್ತರು. ಪರೀಕ್ಷೆ ಮಾಡಿದಾಕೆ ಕೇಳಿದ ಮೊದಲ ಪ್ರಶ್ನೆ, "ನಿನಗೆ ಹಲ್ಲುನೋವಾ ಅಮ್ಮ?" ಎಂದು. ಗಮನಿಸಿ, ಮಾನ್ಯರೇ. ಎರಡು ತಿಂಗಳ ಅಲೆದಾಟದಲ್ಲಿ, ಚೀಟಿ ಬರೆಯುವವನಿಗಾಗಲಿ ವೈದ್ಯರಿಗಾಗಲಿ ಹೊಳೆಯದ ಪ್ರಶ್ನೆಯನ್ನು ಟೆಲಿಫೋನಿನವರು ಒಂದೇ ವಾಕ್ಯ ಕೇಳಿಸಿಕೊಂಡು ಕೇಳಿದರು. ಆಕೆ ಹೆಸರು ಹೊಡೆದುಹಾಕಲಿಲ್ಲ, "ಸರಿಮಾಡಿಸ್ಕೊಂಡು ಬಾ, ಮಾರ್ಚ್ ಇಪ್ಪತ್ತಕ್ಕೆ ಇನ್ನೊಂದು ಸಲ ಕೇಳ್ತೀನಿ. ಅದೇ ಕೊನೇದು" ಎಂದರು. ಊತ ಈಗ ಇಳಿದಿದೆ. ಮಾತ್ರೆ ಕೊಟ್ಟಾಗ ಇಳಿಯುತ್ತದೆ, ಮತ್ತೆ ಏರುತ್ತದೆ. ಮಾರ್ಚ್ ಇಪ್ಪತ್ತರಂದು ಅದು ಏರಿರುತ್ತದೋ ಇಳಿದಿರುತ್ತದೋ ಹೇಳಬಲ್ಲವರು ಯಾರೂ ಇಲ್ಲ.

ಆಗ ನಾನು ತಮಗೆ ಅರ್ಜಿ ಬರೆದೆ. ಹಲ್ಲಿನ ಡಾಕ್ಟರನ್ನು ಒಂದು ದಿನ ಶಾಲೆಗೆ ಕಳಿಸಿ ಎಂದು, ಒಂದೇ ಒಂದು ಬೇಡಿಕೆ. ಹದಿನೈದು ದಿನಕ್ಕೆ ಉತ್ತರ ಬಂತು: "ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಅಂಗವಿಕಲರ ಅಂತರರಾಷ್ಟ್ರೀಯ ವರ್ಷದ ಸಮಾರೋಪದ ಅಂಗವಾಗಿ ಸದರಿ ಶಾಲೆಯಲ್ಲಿ ದಂತಾರೋಗ್ಯ ಚಿತ್ರಪ್ರದರ್ಶನವನ್ನು ಏರ್ಪಡಿಸಲು ಮಂಜೂರಾತಿ ನೀಡಲಾಗಿದೆ."

ಚಿತ್ರಪ್ರದರ್ಶನ. ಅಂಧರ ಶಾಲೆಯಲ್ಲಿ.

ತಾವೇ ಬಂದು ಟೇಪು ಕತ್ತರಿಸಿದಿರಿ, ಮರೆತಿರಲಾರಿರಿ. ನಾಲ್ಕು ಗೋಡೆಗೆ ಬಣ್ಣಬಣ್ಣದ ಪಟಗಳು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಆ ಪ್ಲಾಸ್ಟರ್ ದವಡೆ, ಅದರ ಮುಂದೆ "ಮುಟ್ಟಬಾರದು" ಎಂಬ ಫಲಕ. ಇಡೀ ಕೋಣೆಯಲ್ಲಿ ಆ ಮಕ್ಕಳ ಉಪಯೋಗಕ್ಕೆ ಬರುವಂಥ ವಸ್ತು ಅದೊಂದೇ, ಮುಟ್ಟಬಾರದ್ದೂ ಅದೊಂದೇ. ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು ಸಾಲಾಗಿ ಗೋಡೆಯ ಪಕ್ಕ ನಡೆದರು. ತಾವು "ಎಲ್ಲಾ ಚೆನ್ನಾಗಿ ನೋಡಿದ್ರಾ ಮಕ್ಕಳೇ?" ಎಂದಿರಿ. "ನೋಡಿದ್ವಿ ಸಾರ್!" ಎಂದು ನಲವತ್ತೆರಡು ಕಂಠಗಳು ಒಟ್ಟಿಗೆ ಕೂಗಿದವು. ಹಾಗೆ ಕೂಗದಿದ್ದರೆ ದೊಡ್ಡವರಿಗೆ ಬೇಜಾರಾಗುತ್ತದೆಂದು ಅವರಿಗೆ ಚಿಕ್ಕಂದಿನಿಂದ ಗೊತ್ತು. ತಾವು ಸಂತೋಷಪಟ್ಟು, ದಂತಾರೋಗ್ಯ ಪ್ರದರ್ಶನದ ಕೊನೆಗೆ, ತಮ್ಮ ಕೈಯಾರೆ, ಪ್ರತಿ ಮಗುವಿಗೂ ಎರಡೆರಡು ಲಾಡು ಹಂಚಿದಿರಿ.

ಅದೇ ಹೊತ್ತಿಗೆ ನನ್ನೊಳಗಿನ ಕಳ್ಳ ಎದ್ದು ನಿಂತ.

ಮುಂದಿನ ಭಾನುವಾರ ಆ ದವಡೆಯನ್ನು ಊಟದ ಹಾಲಿನ ಮೇಜಿನ ಮೇಲಿಟ್ಟು, ಮುಟ್ಟಿ ಎಂದೆ. ಒಬ್ಬೊಬ್ಬರೇ ಬಂದು ಮುಟ್ಟಿದರು. ಆಮೇಲೆ ಮುನಿಯಲ್ಲಮ್ಮ ಬೆರಳನ್ನು ದವಡೆಯ ಒಳಗಡೆ ಹಾಕಿ ನಿಂತುಬಿಟ್ಟಳು.

"ಸಾರ್, ಹಲ್ಲಿಗೆ ಈ ಕಡೇನೂ ಇದೆಯಾ?"

"ಯಾವ ಕಡೆ?"

"ಒಳಗಡೆ. ನಾಲಗೆ ಕಡೆ. ಇಲ್ಲೂ ಉಜ್ಜಬೇಕಾ?"

"ಮತ್ತೆ? ಇಷ್ಟು ದಿವಸ ಎಲ್ಲಿ ಉಜ್ತಿದ್ರಿ?"

"ಮುಂದುಗಡೆ ಸಾರ್. ನಕ್ಕಾಗ ಕಾಣೋ ಕಡೆ. ಅಷ್ಟೇ ಹೇಳ್ಕೊಟ್ಟಿದ್ರು."

ವಿಚಾರಿಸಿದೆ. ನಲವತ್ತೆರಡು ಜನರಲ್ಲಿ ಮೂವತ್ತೆಂಟು ಜನ ಹಾಗೆಯೇ ಮಾಡುತ್ತಿದ್ದರು. "ಹಲ್ಲು ಫಳಫಳ ಹೊಳೀಬೇಕು" ಎಂದು ಮನೆಯಲ್ಲಿ ಹೇಳಿದ್ದರು, ಶಾಲೆಯಲ್ಲಿ ಹೇಳಿದ್ದರು. ಹೊಳಪು ಎಂದರೇನೆಂದು ಅರಿಯದ ಮಕ್ಕಳು, ನೋಡುವವರ ಸುಖಕ್ಕಾಗಿ, ನೋಡುವವರಿಗೆ ಕಾಣುವಷ್ಟು ಭಾಗವನ್ನು ಮಾತ್ರ ದಿನಾ ನಿಷ್ಠೆಯಿಂದ ಉಜ್ಜುತ್ತಿದ್ದರು. ಹಿಂದಿನ ಹಲ್ಲು, ಒಳಮೈ, ಮೇಲಿನ ಗುಳಿ, ಇವೆಲ್ಲ ಇವೆಯೆಂದೇ ಯಾರೂ ಹೇಳಿರಲಿಲ್ಲ. ಕಣ್ಣಿದ್ದವರು ಕನ್ನಡಿಯ ಮುಂದೆ ಬಾಯಿ ಕಳೆದು ತಾವಾಗಿ ಕಲಿಯುವುದನ್ನು ಇವರಿಗೆ ಕೈಹಿಡಿದು ಕಲಿಸಬೇಕಿತ್ತು. ಕಲಿಸಲು ಒಂದು ದವಡೆ ಬೇಕಿತ್ತು. ದವಡೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಹೇಳಿ, ನಾನು ಕದ್ದೆನೋ, ಬಿಡಿಸಿ ತಂದೆನೋ?

ನ್ಯಾಯವಾಗಿ ಹೇಳಬೇಕೆಂದರೆ ತಪ್ಪೆಲ್ಲ ತಮ್ಮದೇ ಅಲ್ಲ. ನಮ್ಮ ಊರುಗಳ ಪುಣ್ಯಾತ್ಮರದೂ ಒಂದು ಪಾಲಿದೆ. ಮಗು ಹುಟ್ಟಲಿ, ಮಗ ಪಾಸಾಗಲಿ, ರೇಷ್ಮೆಗೂಡಿಗೆ ಒಳ್ಳೆಯ ರೇಟು ಬರಲಿ, "ಕಣ್ಣಿಲ್ಲದ ಮಕ್ಕಳಿಗೆ ಸಿಹಿ ಹಂಚಿ ಬರೋಣ" ಎಂದು ಹೊರಡುತ್ತಾರೆ. ಶ್ರೀನಿವಾಸಪುರದವರು ಮಾವಿನ ರಸ ಒಣಗಿಸಿದ ತಾಂಡ್ರ ತಂದರೆ ಮುಳಬಾಗಿಲಿನವರು ಕೊಬ್ಬರಿ ಮಿಠಾಯಿ, ಮಾಲೂರಿನವರು ಬೂಂದಿಲಾಡು. ಅದನ್ನು ಆಮೇಲೆ ತಿನ್ನುವ ಹಾಗಿಲ್ಲ. ಕೊಟ್ಟವರ ಎದುರಿಗೇ ತಿನ್ನಬೇಕು, ಅವರು ಕಣ್ತುಂಬ ನೋಡಬೇಕು. ತಿಂದ ಮೇಲೆ ಬಾಯಿ ಮುಕ್ಕಳಿಸುವ ಹಾಗೂ ಇಲ್ಲ, ಕೈಮುಗಿದು ಹಾಡಬೇಕು. ಅಂಗವಿಕಲರ ವರ್ಷ ಬಂದದ್ದೇ ಬಂದದ್ದು, ಸಂಘಸಂಸ್ಥೆಗಳೂ ಸೇರಿಕೊಂಡವು. ಹೋದ ವರ್ಷ ನವೆಂಬರಿನಲ್ಲಿ ಸಿಹಿಯಿಲ್ಲದ ದಿನಗಳು ನಾಲ್ಕೇ ನಾಲ್ಕು. ಒಂದು ಇ‌ಡೀ ವರ್ಷವನ್ನು ಈ ಮಕ್ಕಳಿಗೆ ಅರ್ಪಿಸಿ, ಅದರ ಕೊನೆಗೆ ಅವರ ಹಲ್ಲುಗಳನ್ನು ಕಪ್ಪಕಾಣಿಕೆಯಾಗಿ ವಸೂಲು ಮಾಡಿದೆವು.

ಜನವರಿಯಲ್ಲಿ ಆದಿಲಕ್ಷ್ಮಮ್ಮನವರು ಗೇಟಿಗೆ ಬೋರ್ಡು ಹಾಕಿಸಿದರು: ಸಿಹಿ ಬೇಡ, ಸೀಬೆಹಣ್ಣು, ಕಡಲೆಕಾಯಿ, ಸೌತೆಕಾಯಿ ತನ್ನಿ. ಆ ವಾರವೇ ನರಸಾಪುರದಿಂದ ವೆಂಕಟರತ್ನಮ್ಮ ಎಂಬ ಅಜ್ಜಿ ಮೊಮ್ಮಗನ ನಾಮಕರಣಕ್ಕೆಂದು ಲಾಡಿನ ಡಬ್ಬ ಹೊತ್ತು ಬಂದರು.

"ಬೋರ್ಡು ಓದಿಸ್ಕೊಂಡೆ ಕಣಮ್ಮ. ಆದ್ರೆ ನಾಮಕರಣಕ್ಕೆ ಸೌತೇಕಾಯಿ ಹಂಚಿದ್ರೆ ನೆಂಟರು ನಗಲ್ವಾ? ಈ ಮಕ್ಕಳು ಬಾಯಿ ಸಿಹಿ ಮಾಡ್ಕೊಂಡು ಹರಸಬೇಕು, ಆಗ್ಲೇ ಫಲ."

"ಅಜ್ಜೀ," ಎಂದಳು ಮುನಿಯಲ್ಲಮ್ಮ, "ಪುಣ್ಯ ಎಲ್ಲಾ ನೀವು ತಗೊಂಡ್ಹೋಗ್ತೀರ, ಹುಳುಕು ನಮ್ ಬಾಯಲ್ಲಿ ಬಿಟ್ಟು ಹೋಗ್ತೀರ. ಬಾಯಿ ನೋಯ್ತಾ ಇದ್ರೆ ಹೆಂಗೆ ಹರಸೋದು?"

"ಅಯ್ಯೋ ತಲ್ಲೀ, ಹಂಗನ್ಬ್ಯಾಡ!" ಎಂದು ಅಜ್ಜಿ ಅಲ್ಲೇ ಕೂತುಬಿಟ್ಟರು. ಮುನಿಯಲ್ಲಮ್ಮ ಅವರ ಕೈ ಹಿಡಿದು ತನ್ನ ಕೆನ್ನೆಯ ಗಂಟನ್ನು ಮುಟ್ಟಿಸಿದಳು. ಅಜ್ಜಿ ಡಬ್ಬವನ್ನು ಮುಚ್ಚಿ ಮನೆಗೆ ಒಯ್ದರು. ಮರುವಾರ ಒಂದು ಮಂಕರಿ ತುಂಬ ಸೀಬೆಹಣ್ಣು ಬಂತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬರು ಏಳು ದಿನದಲ್ಲಿ ಕಲಿತದ್ದನ್ನು, ಇಷ್ಟೊಂದು ಪದವಿಗಳಿರುವ ತಮ್ಮ ಇಲಾಖೆ ಕಲಿಯಲು ಎಷ್ಟು ಅಂತರರಾಷ್ಟ್ರೀಯ ವರ್ಷಗಳು ಬೇಕು?

ಈಗ ಬೇಡಿಕೆ. ಮಾರ್ಚ್ ಹತ್ತರೊಳಗೆ ಹಲ್ಲಿನ ಡಾಕ್ಟರು ನಮ್ಮ ಶಾಲೆಗೆ ಬರಬೇಕು, ಪಟಗಳಿಲ್ಲದೆ, ಇಕ್ಕಳದೊಂದಿಗೆ. ಹತ್ತು ಎಂದೇಕೆ ಹೇಳುತ್ತಿದ್ದೇನೆಂದರೆ, ಗಾಯ ಮಾಗಿ ಮುನಿಯಲ್ಲಮ್ಮನ ಮಾತು ತಿಳಿಯಾಗಲು ಹತ್ತು ದಿನವಾದರೂ ಬೇಕು. ರಿಯಾಯಿತಿಯ ಸೀಲನ್ನು ಒಂಬತ್ತನೇ ರೂಮಿನಿಂದ ಬಿಡುಗಡೆ ಮಾಡಿ ಚೀಟಿಯ ಕಿಟಕಿಗೆ ತರಬೇಕು. ಆ ಕಿಟಕಿಯಲ್ಲಿ ಕೂರುವವರಿಗೆ ಮೂರೇ ಪದದ ಒಂದು ಪ್ರಶ್ನೆ ಕಲಿಸಬೇಕು: "ಏನು ತೊಂದರೆ ನಿಮಗೆ?" ಉತ್ತರವನ್ನು ರೋಗಿಯ ಬಾಯಿಂದಲೇ ಕೇಳಿಸಿಕೊಳ್ಳಬೇಕು. ಜನವರಿಯಲ್ಲಿ ಶಾಲೆಯವರು ತಮ್ಮ ಇಲಾಖೆಯಿಂದ ಕೇಳಿದ ನಲವತ್ತೆರಡು ಹಲ್ಲುಜ್ಜುವ ಬ್ರಷ್ಷುಗಳನ್ನು "ದೃಷ್ಟಿಗೆ ಸಂಬಂಧಿಸಿದ ಉಪಕರಣವಲ್ಲ" ಎಂದು ತಿರಸ್ಕರಿಸಿದ ಟಿಪ್ಪಣಿಯನ್ನು ಹರಿದುಹಾಕಬೇಕು. ದವಡೆಯನ್ನು ವಾಪಸು ಕೇಳಬಾರದು; ಕೇಳಿದರೂ ಕೊಡುವುದಿಲ್ಲ. ಪೊಲೀಸರನ್ನು ಕಳಿಸುವುದಾದರೆ ಭಾನುವಾರ ಕಳಿಸಿ, ಅವರಿಗೂ ಹಲ್ಲುಜ್ಜುವುದನ್ನು ಕಲಿಸಿ ಕಳಿಸುತ್ತೇವೆ.

ಹತ್ತರೊಳಗೆ ಯಾರೂ ಬರದಿದ್ದರೆ ಹನ್ನೊಂದರ ಬೆಳಿಗ್ಗೆ ನಾವೇ ಬರುತ್ತೇವೆ. ನಲವತ್ತೆರಡು ಬಿಳಿಕೋಲುಗಳು ತಮ್ಮ ಚೀಟಿಯ ಕಿಟಕಿಯ ಮುಂದೆ ಸಾಲು ನಿಲ್ಲುತ್ತವೆ. ಒಬ್ಬೊಬ್ಬರೂ "ಹಲ್ಲು" ಎನ್ನುತ್ತಾರೆ. ಚೀಟಿಯ ಮೇಲೆ "ಹಲ್ಲು" ಎಂದು ಬರೆಯುವವರೆಗೆ ಮೊದಲನೆಯವಳು ಕದಲುವುದಿಲ್ಲ. ಅವಳ ಹಿಂದಿನವರು ಅವಳ ಹೆಗಲು ಬಿಡುವುದಿಲ್ಲ. ಸಾಲಾಗಿ ನಿಲ್ಲುವುದನ್ನು ತಮ್ಮ ಪ್ರದರ್ಶನದಲ್ಲಿ ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ.

ಪತ್ರವನ್ನು ಇಲ್ಲಿಗೆ ಮುಗಿಸಿ, ಸಹಿಯನ್ನೂ ಹಾಕಿ, ನಿನ್ನೆ ಭಾನುವಾರ ಶಾಲೆಗೆ ಒಯ್ದು ಎಲ್ಲರಿಗೂ ಓದಿ ಹೇಳಿದೆ. ಅವರ ಬಾಯಿಯ ವಿಷಯ ಅವರ ಕಿವಿಗೆ ಬೀಳದೆ ಅಂಚೆಗೆ ಹೋಗಬಾರದಲ್ಲ. ಮಕ್ಕಳು ಬಿದ್ದುಬಿದ್ದು ನಕ್ಕರು. ಮುನಿಯಲ್ಲಮ್ಮ ಮಾತ್ರ ನಗಲಿಲ್ಲ.

"ಸಾರ್, ಒಂದು ಬಿಟ್ಬಿಟ್ಟಿದ್ದೀರ."

"ಏನಮ್ಮಾ?"

"ಮೂರನೇ ಸಲ, ಹಲ್ಲಿನ ಡಾಕ್ಟರ ರೂಮಿನ ಹತ್ರ. ನೀವು ನಂಗೆ ಏನಂದ್ರಿ?"

"ಬೀಗ ಹಾಕಿದೆ ಅಂದೆ."

"ಬೀಗ ಹಾಕಿದ್ ರೂಮಲ್ಲಿ ಮಿಷನ್ನು ಜುಯ್ಯ್ ಅಂತಿತ್ತಲ್ಲ ಸಾರ್. 'ಇನ್ನೊಂಚೂರು ಬಾಯಿ ತೆಗೀರಿ' ಅಂತ ಯಾರೋ ಅಂದ್ರಲ್ಲ."

ಇಷ್ಟು ದಿನ ಯಾಕಮ್ಮ ಸುಮ್ಮನಿದ್ದೆ ಎಂದು ಕೇಳಿದೆ, ಕೇಳಬಾರದಿತ್ತು.

"ನಿಮ್ ಕೈ ನಡುಗ್ತಿತ್ತು ಸಾರ್. ನನ್ ಕೈ ನಿಮ್ ಕೈಯಲ್ಲೇ ಇತ್ತಲ್ಲ. ಪಾಪ ಅನ್ನಿಸ್ತು."

ಬಾಗಿಲಿಗೆ ಬೀಗ ಇರಲಿಲ್ಲ, ಮಾನ್ಯರೇ. ಹಸಿರು ಪರದೆ ಇತ್ತು. ಒಳಗೆ ತಮ್ಮ ಡಾಕ್ಟರು ಇದ್ದರು, ಕೆಲಸ ಮಾಡುತ್ತಿದ್ದರು. ಆ ಸದ್ದಿಗೆ, ಆ ವಾಸನೆಗೆ ನನ್ನ ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ತಮ್ಮ ಚೀಟಿಯವನಿಗೆ ಅವಳ ಕಣ್ಣು ಬಿಟ್ಟು ಬೇರೇನೂ ಕಾಣಲಿಲ್ಲ. ನಾನು ಅವಳಿಗೆ ಕಣ್ಣು ಕಾಣುವುದಿಲ್ಲವೆಂಬುದನ್ನೇ ನೆಚ್ಚಿಕೊಂಡೆ. ಮೂವತ್ತೆರಡೂ ಹಾಜರು ಎಂದು ಬರೆದೆನಲ್ಲ, ಅದೂ ಸುಳ್ಳು, ಇಪ್ಪತ್ತೇಳಿವೆ. ಐದು ವರ್ಷದಿಂದ ಎಡಗಡೆ ಅಗಿದಿಲ್ಲ. ಇದರಿಂದ ತಮ್ಮ ತಪ್ಪೇನೂ ಕಡಿಮೆಯಾಗುವುದಿಲ್ಲ. ನನ್ನದು ಅದರ ಪಕ್ಕಕ್ಕೆ ಸೇರಿತು, ಅಷ್ಟೇ. ಬೇಡಿಕೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಮಕ್ಕಳು ಸೇರಿ ಒಂದು ಸಾಲು ಸೇರಿಸಿದ್ದಾರೆ: ಡಾಕ್ಟರು ಬಂದ ದಿನ ಮೊದಲು ಕೂರುವವಳು ಮುನಿಯಲ್ಲಮ್ಮ, ಎರಡನೆಯವನು ನಾನು. ನನ್ನ ಕೈ ಹಿಡಿದುಕೊಳ್ಳಲು ಅವಳು ಒಪ್ಪಿದ್ದಾಳೆ.

ಇಂತಿ,
ನಲವತ್ತಮೂರನೆಯ ಬಾಯಿ,
ಹುತ್ತೂರು ಅಶ್ವತ್ಥಪ್ಪ